ಡೆನ್ನಿಯ ಹಾಡು ಬೇಬಿಯ ಪಾಲಾದದ್ದು

ಲೈಲ್ ಪೆಟ್ರೋಸ್ಕಿಯ ಮನೆತನಕ್ಕೆ ಲೋಹದ ಋಣ ಹಳೆಯದು. ಅಪ್ಪ ಯಂಗ್ಸ್‌ಟೌನಿನ ಉಕ್ಕಿನ ಕಾರ್ಖಾನೆಯಲ್ಲಿ ಶ್ವಾಸಕೋಶ ಸವೆಸಿದ. ಅಣ್ಣ ಡೆನ್ನಿ, ಕಾರ್ಖಾನೆ ಬಾಗಿಲು ಹಾಕುವುದಕ್ಕೆ ಒಂದು ವರ್ಷ ಮುಂಚೆ, ಅಲ್ಲಿಯೇ ಕ್ರೇನಿನಡಿ ಸತ್ತ. ಲೈಲ್ ಮಾತ್ರ ಲಾಸ್ ಏಂಜಲೀಸಿಗೆ ಓಡಿಬಂದು ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ತಂಡವೊಂದರಲ್ಲಿ ಡ್ರಮ್ಮು ಬಡಿಯತೊಡಗಿದ. ಬೆನ್ನು ಮುಚ್ಚುವ ಕೂದಲು, ಅದನ್ನು ನಿಲ್ಲಿಸಲು ದಿನಕ್ಕೊಂದು ಡಬ್ಬಿ ಸ್ಪ್ರೇ. "ನಮ್ಮನೇಲಿ ಎಲ್ಲರದೂ ಲೋಹದ ಕೆಲಸವೇ," ಎಂದು ತಾಯಿ ಐರೀನ್ ಚರ್ಚಿನ ಹೆಂಗಸರಿಗೆ ಹೇಳುತ್ತಿದ್ದಳು.

ಎಷ್ಟೇ ಅಬ್ಬರದ ತಂಡವಾದರೂ ರೆಕಾರ್ಡಿಗೊಂದು ನಿಧಾನದ ಹಾಡು ಇರಲೇಬೇಕೆಂಬುದು ಆ ಕಾಲದ ಕಟ್ಟಳೆ. ಹುಡುಗರಿಗೆ ಗದ್ದಲ, ಹುಡುಗಿಯರಿಗೆ ಕಣ್ಣೀರು. ರೇಡಿಯೋದವರಿಗೆ ಕಣ್ಣೀರೇ ಸಾಕು. ೧೯೮೭ರಲ್ಲಿ ಲೈಲ್ ಅಣ್ಣನ ಮೇಲೆ ಕಟ್ಟಿದ್ದ ಹಾಡನ್ನು ಮುಂದಿಟ್ಟ. ಮೊದಲು ಪಿಯಾನೋ, ಪಿಸುದನಿ. ಎರಡನೆಯ ಚರಣಕ್ಕೆ ಡ್ರಮ್ಮಿನ ಸಿಡಿಲು. ಆಮೇಲೆ ಗಿಟಾರಿನ ಗೋಳು. ಪಲ್ಲವಿಯ ತುದಿಗೆ "ಡೆನ್ನಿ!" ಎಂಬ ಕೂಗು.

"ನೋಡ್ತಿರಮ್ಮ, ಇಡೀ ದೇಶ ಅವನ ಹೆಸರು ಕೂಗುತ್ತೆ," ಎಂದು ತಾಯಿಗೆ ಫೋನಿನಲ್ಲಿ ಮಾತು ಕೊಟ್ಟ.

ರೆಕಾರ್ಡು ಮಾಡಿಸುವ ಗ್ಲೆನ್ ಹ್ಯಾಡ್ಲಿ ಕಣ್ಣು ಮುಚ್ಚಿ ಕೇಳಿದ. "ಬಂಗಾರ ಕಣಯ್ಯಾ! ಆದ್ರೆ ಈ ಡೆನ್ನಿ ಯಾರು?"

"ನಮ್ಮಣ್ಣ. ತೀರಿಕೊಂಡ."

"ಅಯ್ಯೋ ಪಾಪ. 'ಬೇಬಿ' ಅನ್ನು. ಎರಡಕ್ಷರಕ್ಕೆ ಎರಡಕ್ಷರ, ತಾಳ ಕೆಡಲ್ಲ."

"ಅರ್ಥ ಕೆಡುತ್ತಲ್ಲ ಸ್ವಾಮಿ?"

"ಇಷ್ಟುದ್ದ ಕೂದಲು ಬಿಟ್ಕೊಂಡು ಗಂಡಸಿಗೆ ಅತ್ರೆ ರೇಡಿಯೋದವರು ಮುಟ್ತಾರೇನೋ? ಈ ಹಾಡಿಲ್ಲ ಅಂದ್ರೆ ನಿಮ್ಮ ರೆಕಾರ್ಡೇ ಇಲ್ಲ."

ಜೊತೆಗಾರರು ಮೂವರೂ ಗೋಡೆ ನೋಡಿದರು. ಲೈಲ್ ಪೆನ್ಸಿಲ್ ತೆಗೆದುಕೊಂಡು ತನ್ನ ಕೈಯಿಂದಲೇ ಹೆಸರು ಹೊಡೆದುಹಾಕಿದ. ಅಮ್ಮನಿಗೆ ಹೇಳಬೇಕೆಂದು ನಾಲ್ಕು ತಿಂಗಳು ಅಂದುಕೊಂಡ. ಅಂದುಕೊಳ್ಳುವುದರಲ್ಲಿ ಅವನದು ಪಳಗಿದ ಕೈ.

ಹಾಡು ರೇಡಿಯೋಗೆ ಬಂತು, ಗೆದ್ದಿತು. ಸಭಾಂಗಣಗಳಲ್ಲಿ ಸಾವಿರಾರು ಲೈಟರು ಹೊತ್ತಿದವು, ಹುಡುಗಿಯರು "ಬೇಬಿ!" ಎಂದು ಅತ್ತರು. ಒಂದು ಭಾನುವಾರ ಐರೀನ್ ಫೋನು ಮಾಡಿದಳು.

"ಚರ್ಚಲ್ಲಿ ಎಲ್ಲರೂ ಪಿರೋಗಿ ಕಡುಬಿಗೆ ಹೂರಣ ತುಂಬ್ತಿದ್ವಿ. ನಿನ್ನ ಹಾಡು ಬಂತು, ಎಲ್ಲರನ್ನೂ ಸುಮ್ಮನಿರಿಸಿದೆ."

"ಹೇಗಿತ್ತಮ್ಮ?"

"ಚೆನ್ನಾಗಿತ್ತು. ಹುಡುಗಿ ಯಾರು, ಮದುವೆ ಯಾವಾಗ ಅಂತ ಕೇಳಿದ್ರು." ಆಮೇಲೆ ತಾನೂ ಕೇಳಿದಳು: "ಡೆನ್ನಿದು ಯಾವಾಗ ಬರುತ್ತೋ?"

ಅದೇ ಇದು ಎನ್ನಲು ಲೈಲ್ ಬಾಯಿ ತೆರೆದ.

"ಮುಂದಿನ ರೆಕಾರ್ಡಿಗಮ್ಮ."

"ಆಗಲಿ. ಅವನು ಕಾಯ್ತಾನೆ ಬಿಡು, ಇನ್ನೇನು ಡ್ಯೂಟಿಗೆ ಹೋಗ್ಬೇಕಾ?" ಎಂದು ಫೋನಿಟ್ಟಳು.