ಮೈಕಮ್ಮನ ಡೆಮೊ ಕ್ಲಾಸು

ಮೈಕಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ತಟ್ಟಿಗೋಡೆಯ ಆಚೆ ಈಚೆ ಎರಡು ತರಗತಿ ನಡೆಯುತ್ತಿದ್ದ ಖಾಸಗಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿದವಳು ಅವಳು. ಈಚೆ ಎಂಬತ್ತು ಮಕ್ಕಳು, ಆಚೆ ಗಣಿತದ ಮೇಷ್ಟ್ರ ಗಂಟಲು. ಅದನ್ನು ಮುಳುಗಿಸದೆ ಇವಳ ಪಾಠ ತೇಲುವಂತಿರಲಿಲ್ಲ. ಹಾಗಾಗಿ ಅವಳದು ಒಂದೇ ಪದ್ಧತಿ: ತಾನು ಕೂಗುವುದು, ಮಕ್ಕಳು ತಿರುಗಿ ಕೂಗುವುದು.

ಶಿಕ್ಷಕಿಯರಿಗೊಂದು ಕಕ್ಕಸು ಕಟ್ಟಿಸಿ ಎಂದು ಎಲ್ಲರೂ ಗೇಟಿನ ಮುಂದೆ ಧರಣಿ ಕೂತ ದಿನ ಬಾಡಿಗೆಯ ಮೈಕು ಕೈಕೊಟ್ಟಿತು. ಇವಳು ಎದ್ದು ಮುಷ್ಟಿ ಎತ್ತಿ ಘೋಷಣೆ ಹಾಕಿದ ರಭಸಕ್ಕೆ ಮೈಕಿನವನು ಸದ್ದಿಲ್ಲದೆ ವೈರು ಸುತ್ತಿಕೊಂಡು ಹೋದ. ಅವತ್ತಿನಿಂದ ಮೈಕಮ್ಮ. ಮಾಲೀಕ ಕಕ್ಕಸು ಕಟ್ಟಿಸಿದ. ಮರುವರ್ಷ ಶಾಲೆ ಮುಚ್ಚಿ ಫರ್ನಿಚರ್ ಅಂಗಡಿ ತೆರೆದ. ಕಕ್ಕಸು ಈಗ ಗಿರಾಕಿಗಳಿಗೆ.

"ಏಳನೇ ಕ್ಲಾಸಿನ ರೂಮಲ್ಲಿ ಸೋಫಾ ಇಟ್ಟಿದ್ದೀನಿ ಮೇಡಂ. ನಿಮ್ಮ ಬಾಯಿ ಗಟ್ಟಿ, ಬಂದು ಮಾರಿ" ಅಂದ ಆ ಪುಣ್ಯಾತ್ಮ.

ಮೈಕಮ್ಮನಿಗೆ ಮದುವೆ ಆಗಿರಲಿಲ್ಲ. ಅದು ಊರಿನವರ ಚಿಂತೆಯಾಗಿತ್ತೇ ಹೊರತು ಅವಳದ್ದಲ್ಲ. ಪಾಠ ಹೇಳಿದ ಕೋಣೆಯಲ್ಲಿ ಸೋಫಾ ತಟ್ಟಿ ತೋರಿಸುವುದು ಮಾತ್ರ ಅವಳ ಗಂಟಲಲ್ಲಿ ಇಳಿಯಲಿಲ್ಲ. ಅಷ್ಟರಲ್ಲಿ ಹೊರದೇಶದಲ್ಲಿದ್ದ ಅಕ್ಕ ಫೋನು ಮಾಡಿದಳು. "ಬಾರೇ ಇಲ್ಲಿಗೆ. ಇಂಗ್ಲಿಷ್ ಕಲಿಸೋರಿಗೆ ಬರ ಬಂದಿದೆ ಇಲ್ಲಿ."

ಹೋದಳು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಆಸ್ಪತ್ರೆಯ ಬಟ್ಟೆಗಳನ್ನು ಒಗೆಯುವಲ್ಲಿಗೆ ಸಾಗಿಸುವ ವ್ಯಾನು ಓಡಿಸುವ ಭಾವ. ಸೋಫಾ ಮಾರುವುದಿಲ್ಲ ಎಂದು ಹೊರಟು ಬಂದವಳಿಗೆ ಮಲಗಲು ಸಿಕ್ಕಿದ್ದೂ ಸೋಫಾವೇ. ಕೈಯಲ್ಲಿದ್ದುದು ತೊಂಬತ್ತು ದಿನದ ವೀಸಾ. ಅಷ್ಟರೊಳಗೆ ಯಾರಾದರೂ "ಇವರನ್ನು ಟೀಚರ್ ಆಗಿ ಇಟ್ಟುಕೊಂಡಿದ್ದೇವೆ" ಎಂದು ಕಾಗದ ಕೊಟ್ಟರೆ ಪರ್ಮಿಟ್ ಕಚೇರಿಯಲ್ಲಿ ಒಂದು ವರ್ಷದ ಮೊಹರು. ಇಲ್ಲವಾದರೆ ಮರಳಿ ಏಳನೇ ಕ್ಲಾಸು, ಸೋಫಾ.

ಬರ ಬಂದದ್ದು ಇಂಗ್ಲಿಷ್ ಕಲಿಸುವವರಿಗಲ್ಲ, ಕಲಿಸುವವರಿಗೆ ಕಾಗದ ಕೊಡುವವರಿಗೆ ಎಂದು ತಿಳಿಯಲು ನಲವತ್ತು ದಿನ ಹಿಡಿಯಿತು. ನಲವತ್ತೊಂದನೆಯ ದಿನ ಔಷಧಿ ಅಂಗಡಿಯ ಮೇಲಿನ, ಇಂಗ್ಲಿಷ್ ಕಲಿಸುವ ಒಂದು ಸಂಸ್ಥೆ ಡೆಮೊ ಕ್ಲಾಸಿಗೆ ಕರೆಯಿತು.

ಅಲ್ಲಿ ಕೆಲಸ ಕೇಳಿ ಬಂದವರು ಹದಿನಾರು ಜನ, ನಾನಾ ದೇಶದವರು. ಸಂಸ್ಥೆಯ ಮ್ಯಾನೇಜರನ ಕೊರಳಲ್ಲಿ ಓಟದ ಪಂದ್ಯದಲ್ಲಿ ಹಿಡಿಯುವಂಥ ಗಡಿಯಾರ ನೇತಾಡುತ್ತಿತ್ತು. ಮೈಕಮ್ಮ ಆ ಕ್ಷಣವೇ ಅವನಿಗೆ ಗಡಿಯಾರಪ್ಪ ಎಂದು ನಾಮಕರಣ ಮಾಡಿದಳು. ಅಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲೇ. ಅದನ್ನು ಅವಳು ಮನೆಗೆ ಬಂದು ಅಕ್ಕನಿಗೆ ಹೇಳಿದ್ದು ಹೀಗೆ:

"ಒಬ್ಬರು ಪಾಠ ಮಾಡಿ, ಉಳಿದ ಹದಿನೈದು ಜನ ವಿದ್ಯಾರ್ಥಿಗಳಾಗಿ ಅಂದ. ನಿಮಗೆ ಇಂಗ್ಲಿಷ್ ಒಂದಕ್ಷರ ಬರಲ್ಲ ಅಂತ ನಟಿಸಿ ಅಂದ. ನಟನೆಗೂ ಮಾರ್ಕ್ಸ್ ಅಂತೆ!"

"ನಟಿಸಿದ್ಯೇನೇ?"

"ಒಬ್ಬ ಮಹಾಶಯ ಪೆನ್ಸಿಲ್ ಎತ್ತಿ ಹಿಡಿದು ಕಾಲು ಗಂಟೆ ನಿಂತ. ಇದೇನು, ಇದೇನು ಅಂತ ಕೈಸನ್ನೆ. ನಾವು ಹದಿನೈದು ಜನ, ಎಲ್ಲರೂ ಟೀಚರ್‌ಗಳೇ, ದೆವ್ವ ಕಂಡವರ ಥರ ಪೆನ್ಸಿಲ್ ನೋಡ್ತಾ ಕೂತ್ವಿ. ನಂಗೆ ತಡೀಲಿಲ್ಲ. 'ಪೆನ್ಸಿಲ್ ಕಣಯ್ಯಾ, ಮುಂದಕ್ಕೆ ಹೋಗು' ಅಂದ್ಬಿಟ್ಟೆ."

ಅವಳ ಮಾರ್ಕ್ಸ್ ಹಾಳೆಯಲ್ಲಿ ಗಡಿಯಾರಪ್ಪ ಬರೆದ: "ವಿದ್ಯಾರ್ಥಿಯಾಗಿ ಫೇಲ್."

ಟೀಚರ್ ಆಗಿಯೂ ಫೇಲಾದಳು. ಹದಿನೈದು ನಿಮಿಷದಲ್ಲಿ ಟೀಚರ್ ಮಾತಾಡಿದ ಹೊತ್ತನ್ನು ಅವನು ಗಡಿಯಾರ ಒತ್ತಿ ಒತ್ತಿ ಅಳೆಯುತ್ತಿದ್ದ.

"ನೀವು ಎಪ್ಪತ್ತು ಪರ್ಸೆಂಟ್ ಮಾತಾಡಿದ್ದೀರಿ. ಇಪ್ಪತ್ತಕ್ಕಿಂತ ಜಾಸ್ತಿ ಇರಬಾರದು."

"ಮಾತಾಡದೆ ಪಾಠ ಮಾಡೋಕೆ ನಾನೇನು ಮೀನಾ, ಸ್ವಾಮಿ?"

"ಈ ಪ್ರಶ್ನೆಗೆ ಮೂರು ಸೆಕೆಂಡ್ ಹಿಡೀತು" ಅಂತ ಅದನ್ನೂ ಬರೆದುಕೊಂಡ. "ನಾಳೆ ಮತ್ತೆ ಬನ್ನಿ."

ನಾಳೆ, ನಾಡಿದ್ದು, ಆಚೆ ನಾಡಿದ್ದು. ಮಾತು ಅರವತ್ತೈದಕ್ಕೆ ಇಳಿಯಿತು, ಅರವತ್ತಕ್ಕೆ ಇಳಿಯಿತು. ಮನೆಯಲ್ಲೂ ಅವಳು ಉಪ್ಪು ಬೇಕಾದರೆ ಬೆರಳು ತೋರಿಸತೊಡಗಿದಳು. "ಇವಳಿಗೆ ಗಾಳಿಗೀಳಿ ಸೋಕಿದೆಯಾ?" ಎಂದು ಭಾವ ಅಕ್ಕನ ಕಿವಿಯಲ್ಲಿ ಕೇಳಿದ.

ಮೂರನೆಯ ವಾರ ಎಂಟು ಜನ ಹೊಸಬರು ಬಂದು ಬೆಂಚಿನಲ್ಲಿ ಕೂತರು. ನಟನೆಯೆಂದರೆ ಅವರದ್ದು! ಅದರಲ್ಲೂ ಒಬ್ಬ ಒನಕೆಯಂಥ ತೋಳಿನವನು, "ಟ್ಯೂಸ್‌ಡೇ" ಎಂಬ ಒಂದು ಪದ ಹೇಳಲು ನಾಲ್ಕು ದಿನ ಬೆವರಿದ. ಹುಬ್ಬು ಗಂಟಿಕ್ಕಿದ, ತುಟಿ ಕಚ್ಚಿದ, ಕಣ್ಣಲ್ಲಿ ನೀರು ತಂದ. ಮೈಕಮ್ಮ ಬಿದ್ದು ಬಿದ್ದು ನಕ್ಕಳು. ಮೆಚ್ಚಿಕೊಂಡೇ ನಕ್ಕದ್ದು. ಬಿಡುವಿನಲ್ಲಿ ಅವನ ಬೆನ್ನು ತಟ್ಟಿ, "ಎಲ್ಲಿ ಕಲಿತೆಯಪ್ಪಾ ಇಷ್ಟು ಚೆಂದ ಪೆದ್ದನಾಗೋದನ್ನ? ನನಗೂ ಸ್ವಲ್ಪ ಹೇಳಿಕೊಡು" ಎಂದಳು.

ಅವನು ಅವಳ ಮುಖವನ್ನೇ ನೋಡಿದ. ಜೇಬಿನಿಂದ ಫೋನು ತೆಗೆದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೆಣ್ಣು ದನಿಯಲ್ಲಿ ಉಲಿಯಿತು: "ನಾನು ಮೂರು ತಿಂಗಳ ಫೀಸು ಕಟ್ಟಿದ್ದೇನೆ. ನನಗೆ ಬಾರದಿದ್ದಾಗ ನೀವು ಯಾಕೆ ನಗುತ್ತೀರಿ?"

ಮೈಕಮ್ಮನ ಬಾಯಿ ಸೊನ್ನೆ ಪರ್ಸೆಂಟಿಗೆ ಇಳಿಯಿತು.

ಅವನು ಮಟನ್ ಅಂಗಡಿಯವನು. ಎದುರು ರಸ್ತೆಯಲ್ಲಿ ಹೊಸ ಹೋಟೆಲ್ ಬಂದಿತ್ತು, ಅದರ ಅಡುಗೆಯವನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಅವನು ತೊಡೆ ಕೇಳಿದರೆ ಇವನು ಕರುಳು ಕೊಡುತ್ತಿದ್ದ. ವ್ಯಾಪಾರ ಕೈತಪ್ಪುವ ಮೊದಲು ನಾಲ್ಕು ಮಾತು ಕಲಿಯೋಣವೆಂದು ಬಂದರೆ, ಇಲ್ಲಿ ಟೀಚರ್ ದಿನಕ್ಕೊಬ್ಬರು, ಪಕ್ಕದ ಬೆಂಚಿನವರೆಲ್ಲ ಹಲ್ಲು ಕಿರಿಯುವವರು.

ಮೈಕಮ್ಮ ನೆಟ್ಟಗೆ ಗಡಿಯಾರಪ್ಪನ ಕೋಣೆಗೆ ಹೋದಳು.

"ಆ ಎಂಟು ಜನ ನಿಜವಾದ ವಿದ್ಯಾರ್ಥಿಗಳಾ?"

"ಹೌದು."

"ಹಾಗಾದ್ರೆ ನಾವು ಮಾಡ್ತಿರೋದು ನಿಜವಾದ ಪಾಠ. ಕಾಗದ ಕೊಡಿ."

"ಅವರಿಗೆ ಅದು ಕ್ಲಾಸು. ನಿಮಗೆ ಡೆಮೊ."

"ಎಷ್ಟು ದಿನ?"

"ನೀವು ಇಪ್ಪತ್ತಕ್ಕೆ ಇಳಿಯೋವರೆಗೆ."

"ಇಪ್ಪತ್ತಕ್ಕೆ ಇಳಿದ ಗಂಡಸು ಹೆಂಗಸು ಯಾರಾದ್ರೂ ಇದ್ದಾರಾ ಇಲ್ಲಿ?"

ಗಡಿಯಾರಪ್ಪ ಯೋಚಿಸಿದ. "ಒಬ್ಬರಿದ್ದರು. ಗಂಟಲು ಆಪರೇಷನ್ ಆಗಿತ್ತು."

ಜಗತ್ತಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವವರು ಹಲವು ಬಗೆ. ಚಾಟಿ ಹಿಡಿದವರನ್ನು ಗುರುತಿಸುವುದು ಸುಲಭ. ಅಳತೆಗೋಲು ಹಿಡಿದವರ ಮುಂದೆ ನಾವೇ ಹೋಗಿ, ಇನ್ನೂ ಸಾಲದೇನೋ ಎಂದು ಕುಗ್ಗಿ ನಿಲ್ಲುತ್ತೇವೆ. ಮೈಕಮ್ಮನೂ ಮೂರು ವಾರ ಕುಗ್ಗಿದ್ದಳು. ಇನ್ನು ಸಾಕೆನಿಸಿತು. ಸರದಿ ಬಂದಾಗ ಬೋರ್ಡಿಗೆ ಬೆನ್ನು ಕೊಟ್ಟು, ಮುಷ್ಟಿ ಎತ್ತಿ, ತಟ್ಟಿಗೋಡೆ ಕಾಲದ ಗಂಟಲು ತೆರೆದಳು.

"ವಾಟ್ ಡೇ ಈಸ್ ಟುಡೇ?"

ಕೆಳಗಿನ ಔಷಧಿ ಅಂಗಡಿಯಲ್ಲಿ ಸೀಸೆಗಳು ಅಲುಗಿದವು. ಅವಳೇ ಉತ್ತರ ಕೂಗಿ, ಕೈಯಾಡಿಸಿ, ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ ಮಟನಣ್ಣನ ಒನಕೆ ತೋಳು ಮೇಲೇರಿತು.

"ಟ್ಯೂಸ್‌ಡೇ! ಟ್ಯೂಸ್‌ಡೇ!"

ನಾಲ್ಕು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಂಗಳವಾರ ಗುಂಡಿನಂತೆ ಹೊರಬಿತ್ತು. ಉಳಿದ ಏಳು ಜನವೂ ಎದ್ದರು. ಹತ್ತು ನಿಮಿಷದಲ್ಲಿ ವಾರದ ಏಳೂ ದಿನ ಮುಗಿಸಿ ತಿಂಗಳುಗಳಿಗೆ ಕೈಹಾಕಿದ್ದರು. ಗಡಿಯಾರಪ್ಪ ಬಾಗಿಲು ತೋರಿಸಿದ. ಮೈಕಮ್ಮ ಹೊರಟಳು. ಹಿಂದೆ ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಎಂಟು ಜನ, ಮುಷ್ಟಿ ಇನ್ನೂ ಇಳಿಸಿರಲಿಲ್ಲ.

ಪಾಠ ಮಟನ್ ಅಂಗಡಿಗೆ ಸ್ಥಳಾಂತರವಾಯಿತು. ಕೊಕ್ಕೆಗೆ ನೇತುಬಿದ್ದ ಕುರಿಯೇ ಬೋರ್ಡು. ಅವಳು ತೊಡೆ ಮುಟ್ಟಿ ಕೂಗಿದರೆ ಅವರು "ಲೆಗ್! ಲೆಗ್!" ಎನ್ನುವರು. ಪಕ್ಕೆ ಮುಟ್ಟಿದರೆ "ರಿಬ್ಸ್! ರಿಬ್ಸ್!" ಕೂಗಿ ಕಲಿತವರಿಗೆ ಕೂಗದೆ ಹೇಳಲು ಬಾರದಾಯಿತು. ಹೋಟೆಲಿನ ಅಡುಗೆಯವನು ಬಂದಾಗ ಮಟನಣ್ಣ ಕತ್ತಿ ಹಿಡಿದ ಕೈಯನ್ನೇ ಮೇಲೆತ್ತಿ "ಗುಡ್ ಮಾರ್ನಿಂಗ್!" ಎಂದು ಗರ್ಜಿಸಿದ. ಅಡುಗೆಯವನು ಎರಡು ಹೆಜ್ಜೆ ಹಿಂದೆ ಸರಿದನಾದರೂ ಅವತ್ತು ಕೇಳಿದ ತುಂಡೇ ಸಿಕ್ಕಿತು. ಮರುದಿನವೂ ಬಂದ.

ಎಂಬತ್ತೊಂಬತ್ತನೆಯ ದಿನ ಮಟನಣ್ಣ, ಕುರಿ ಚಿತ್ರವಿರುವ ತನ್ನ ಅಂಗಡಿಯ ಹಾಳೆಯಲ್ಲಿ ಕಾಗದ ಬರೆದುಕೊಟ್ಟ. ತೊಂಬತ್ತನೆಯ ದಿನ, ಪರ್ಮಿಟ್ ಕಚೇರಿ ಮುಚ್ಚಲು ಇಪ್ಪತ್ತು ನಿಮಿಷವಿದ್ದಾಗ, ಮೈಕಮ್ಮ ಕಿಟಕಿಯ ಮುಂದೆ ನಿಂತಳು. ಹಿಂದೆ ಭಾವ, ಅವನ ಹಿಂದೆ ಮಟನಣ್ಣ ಮತ್ತು ಏಳು ಜನ.

ಅಧಿಕಾರಿ ಕುರಿಯನ್ನೂ ಅವಳನ್ನೂ ನೋಡಿದ. "ಮಟನ್ ಅಂಗಡಿಗೆ ಟೀಚರ್ ಯಾಕೆ? ನನ್ನ ಪಟ್ಟಿಯಲ್ಲಿ ಅಂಗಡಿಗೆ ಮೂರೇ ಕೆಲಸ ಇದೆ. ಕತ್ತರಿಸೋರು, ತೊಳೆಯೋರು, ಹೊರೋರು. ಯಾವುದು ಬರೀಲಿ?"

"ಟೀಚರ್ ಅಂತ ಬರೀರಿ."

"ಆ ಹೆಸರು ಪಟ್ಟಿಯಲ್ಲಿ ಇಲ್ಲ."

ಭಾವ ಕಿವಿಗೆ ಬಾಯಿಟ್ಟ. "ಯಾವುದೋ ಒಂದು ಹಾಕಿಸ್ಕೊಳ್ಳೇ ಮಾರಾಯ್ತಿ! ತೊಳೆಯೋಳು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಅದಕ್ಕೆ ಊರಲ್ಲೇ ಸೋಫಾ ಒರೆಸ್ಕೊಂಡು ಇರಬಹುದಿತ್ತಲ್ಲ ಭಾವ?"

ಅಧಿಕಾರಿ ಗೋಡೆಯ ಗಡಿಯಾರ ನೋಡಿದ. ಈ ದೇಶದವರಿಗೆಲ್ಲ ಇದೇ ಕಾಯಿಲೆ ಎಂದುಕೊಂಡಳು ಮೈಕಮ್ಮ. ಅವನು ಮಟನಣ್ಣನತ್ತ ತಿರುಗಿ ಇಂಗ್ಲಿಷಿನಲ್ಲೇ ಕೇಳಿದ: "ಈಕೆ ಯಾರು?"

ಮಟನಣ್ಣನಿಗೆ ಪ್ರಶ್ನೆಗೆ ಉತ್ತರಿಸುವ ವಿಧಾನ ಒಂದೇ ಗೊತ್ತಿತ್ತು. ತೋಳು ಮೇಲೆದ್ದಿತು.

"ಹೂ ಈಸ್ ಷೀ?"

"ಅವರ್ ಟೀಚರ್! ಅವರ್ ಟೀಚರ್!" ಎಂದರು ಏಳು ಜನ.

"ಹೂ ಈಸ್ ಷೀ?"

ಎರಡನೆಯ ಸಲಕ್ಕೆ ಸರತಿಯಲ್ಲಿದ್ದ ಪರದೇಶಿಗಳೂ ದನಿಗೂಡಿಸಿದರು. ಬೆಳಗಿನಿಂದ ನಿಂತು ಬೇಸತ್ತಿದ್ದವರಿಗೆ ಕೂಗಲು ಒಂದು ನೆಪ ಬೇಕಿತ್ತು. ಮೂರನೆಯ ಸಲ ಭಾವನ ಮುಷ್ಟಿಯೂ ತಾನಾಗಿ ಏರಿತು. ಕಾವಲಿನವನು ಓಡಿಬಂದ, ಯಾರನ್ನು ಹಿಡಿಯಬೇಕೆಂದು ತಿಳಿಯದೆ ನಿಂತ. ಅಧಿಕಾರಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಏನೋ ಅರಚಿದ, ಕೇಳಿಸಲಿಲ್ಲ. ಕೊನೆಗೆ ಒಂದು ಕಿವಿ ಬಿಟ್ಟು, ಆ ಕೈಯಲ್ಲೇ ಪಟ್ಟಿಯ ಕೆಳಗೆ ನಾಲ್ಕನೆಯ ಗೆರೆ ಎಳೆದು, ಅದರ ಮೇಲೆ "ಟೀಚರ್" ಎಂದು ಗೀಚಿ, ಧಡ್ ಎಂದು ಮೊಹರು ಒತ್ತಿದ.

ಸದ್ದು ನಿಂತಿತು.

"ಮೇಡಂ," ಎಂದ ಅಧಿಕಾರಿ ಬೆವರೊರೆಸಿಕೊಳ್ಳುತ್ತ, "ದಯವಿಟ್ಟು ಇವರಿಗೆ ಮೆಲ್ಲಗೆ ಮಾತಾಡೋದನ್ನೂ ಕಲಿಸಿ."

ಮೈಕಮ್ಮ ಕಾಗದವನ್ನು ಬೆಳಕಿಗೆ ಹಿಡಿದು ಮೊಹರು ನೆಟ್ಟಗೆ ಬಿದ್ದಿದೆಯೇ ನೋಡಿದಳು.

"ಅದು ಎರಡನೇ ವರ್ಷದ ಪಾಠ ಸಾರ್. ರಿನ್ಯೂವಲ್ ಮಾಡಿಸ್ಕೊಳ್ಳೋಕೆ ಬಂದಾಗ ಕೇಳಿ."