ಶನಿ ಸರಿದು ಹೋಗಿತ್ತು

ತಪ್ಪು ದುರ್ಬೀನಿನದಲ್ಲ, ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ಅದರ ಮೇಲೆ ಹಾಕಿ ಪಾರಾಗಿಬಿಟ್ಟೇನು.

ಬೈಲಹೊಂಗಲ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ದಸರಾ ರಜೆ ಮುಗಿದ ಮೇಲೆ ಶಾಲೆಗೆ ಒಂದು ದುರ್ಬೀನು ಬಂತು. ನನಗೋ ಎರಡು ಕೋಡು ಮೂಡಿದವು. ಒಂದು ಸಂಜೆ ಊರ ಮಂದಿಯನ್ನೆಲ್ಲ ಶಾಲೆಯ ಅಂಗಳಕ್ಕೆ ಕರೆದು ಶನಿಗ್ರಹ ತೋರಿಸಲು ನಿಂತೆ. ಶನಿಯ ಹೆಸರು ಕೇಳಿಯೇ ಅರ್ಧ ಮಂದಿ ಹಿಂದೆ ಸರಿದರು. ಊರ ಹಿರಿಯರು, ಅವರ ಹಿಂದೆ ಹೆಡ್ ಮಾಸ್ತರರು, ಒಬ್ಬೊಬ್ಬರಾಗಿ ಕಣ್ಣಿಟ್ಟು "ವಾಹ್, ಭಾರಿ ಐತ್ರಿ!" ಅಂದರು. ನಾನು ಪಕ್ಕದಲ್ಲಿ ನಿಂತು ಭಾಷಣ ಬಿಗಿಯುತ್ತಿದ್ದೆ.

ಕೊನೆಗೆ ಬಂದವರು ನಮ್ಮ ಬಿಸಿಯೂಟದ ಅಡುಗೆಯವರು, ಐವತ್ತು ದಾಟಿದ ಹೆಣ್ಣುಮಗಳು. ಶನಿಗೆ ಹೆದರದ ಹೆಂಗಸು ಅಂದರೆ ಅವತ್ತು ಅವರೊಬ್ಬರೇ.

"ಏನೂ ಕಾಣವಲ್ದ್ರಿ ಸರ. ಬರೇ ಕರ್ರಗ ಐತಿ."

"ಇಷ್ಟ ಮಂದಿಗೆ ಕಂಡದ್ದು ನಿಮಗೊಬ್ರಿಗೆ ಕಾಣಂಗಿಲ್ಲಂದ್ರ ಹೆಂಗ್ರಿ ಅವ್ವಾರ? ಕಣ್ಣಿಗೆ ಪೊರಿ ಬಂದಿರಬೇಕು, ಡಾಕ್ಟರಿಗೆ ತೋರಿಸ್ಕೋರಿ" ಅಂದೆ. ಮಂದಿ ನಕ್ಕರು. ಅವರೂ ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೊಮ್ಮೆ ನೋಡಿ, ಮನೆಗೆ ಹೋದರು.

ಎಲ್ಲರೂ ಹೋದ ಮೇಲೆ ನಾನು ಕಣ್ಣಿಟ್ಟೆ. ಬರೀ ಕತ್ತಲೆ. ಭೂಮಿ ತಿರುಗುತ್ತಲೇ ಇರುತ್ತದಲ್ಲ, ದುರ್ಬೀನನ್ನು ಆಗಾಗ ಕೈಯಿಂದ ಸರಿಸದಿದ್ದರೆ ಗ್ರಹ ಆಚೆ ಜಾರಿಬಿಡುತ್ತದೆ. ಎಂಟನೆಯ ತರಗತಿಗೆ ಇದೇ ಪಾಠ ಮಾಡುವ ನಾನು ಮಾತಿನ ಅಮಲಿನಲ್ಲಿ ಅದನ್ನೇ ಮರೆತಿದ್ದೆ. ಮೊದಲ ಒಬ್ಬಿಬ್ಬರ ನಂತರ ಯಾರಿಗೂ ಏನೂ ಕಂಡಿರಲಿಕ್ಕಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಅಡುಗೆಯವರ ಮನೆ ಶಾಲೆಯ ಹಿಂದೆಯೇ ಇತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನವೂ ಹೇಳಲಿಲ್ಲ.

ಮುಂದಿನ ವಾರ ಅವರು ಕೆಲಸ ಬಿಟ್ಟರು. "ಕಲಿಸೋ ಸರ ಹೇಳ್ಯಾರಂದ್ರ ಖರೇನ ಇರಬೇಕು. ಅಕ್ಕ್ಯಾಗಿನ ಹರಳ ಕಾಣದಿದ್ರ ಹುಡುಗೂರ ಹಲ್ಲ ಮುರಿತಾವ್ರಿ" ಎಂದು ಹೆಡ್ ಮಾಸ್ತರರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದೆ. ಅವರ ಜಾಗಕ್ಕೆ ಬೇರೊಬ್ಬರು ಬಂದರು.

ಸಂಕ್ರಮಣದ ಹೊತ್ತಿಗೆ ಅವರು ಸವದತ್ತಿಯಲ್ಲಿ ಕಣ್ಣು ತೋರಿಸಿಕೊಂಡು ನೆಟ್ಟಗೆ ನನ್ನ ಬಳಿಗೇ ಬಂದರು. "ಪೊರಿ ಗಿರಿ ಏನೂ ಇಲ್ಲಂತ್ರಿ ಸರ. ಕಣ್ಣ ಚಲೋ ಅದಾವಂತ. ಹಂಗಾರ ಅವತ್ತ ನನಗ್ಯಾಕ ಕಾಣಲಿಲ್ಲ?"

ಮೋಡ ಅಡ್ಡ ಬಂದಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ನೆಲ ನೋಡುತ್ತ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಕೆಲಸ ಹೋತಲ್ರಿ ಸರ" ಅಂದರು.

ಹೆಡ್ ಮಾಸ್ತರರ ಹತ್ತಿರ ಓಡಿದೆ. ಎಲ್ಲ ಕೇಳಿಸಿಕೊಂಡು ಅವರು ದನಿ ತಗ್ಗಿಸಿದರು: "ಖರೇ ಹೇಳ್ಲೇನು? ಅವತ್ತ ನನಗೂ ಏನೂ ಕಂಡಿರಲಿಲ್ಲ. ನಾಕ ಮಂದ್ಯಾಗ ಹೆಂಗ ಹೇಳೂದು?" ಹೊಸದಾಗಿ ಬಂದಾಕೆಯನ್ನು ಬಿಡಿಸಲಾಗುವುದಿಲ್ಲ ಎಂದೂ ಹೇಳಿದರು. ಅದೂ ನ್ಯಾಯವೇ.

ಆ ಸಂಜೆ ದುರ್ಬೀನು ಹೊತ್ತುಕೊಂಡು ಅಡುಗೆಯವರ ಮನೆಯ ಅಂಗಳಕ್ಕೆ ಹೋದೆ. ಬಾಗಿಲು ಹಾಕಿಕೊಂಡಾರು ಅಂದುಕೊಂಡಿದ್ದೆ. ಬಂದು ಕಣ್ಣಿಟ್ಟರು.

"ಐತ್ರಿ! ಬಳಿ ಹಾಕ್ಕೊಂಡೈತಿ."

ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ, ದುರ್ಬೀನಿನಿಂದ ಕಣ್ಣು ತೆಗೆಯದೆಯೇ, "ಈಗ ಇಲ್ರಿ ಸರ" ಅಂದರು.

"ಹೌದ್ರಿ ಅವ್ವಾರ, ಸರದ ಹೋಗೇತಿ" ಅಂದೆ. ಅವತ್ತು ಇಷ್ಟು ಅಂದಿದ್ದರೆ ಅವರ ಕೆಲಸ ಉಳಿಯುತ್ತಿತ್ತು.