ಬಯ್ಯಲು ಬರುತ್ತಿದ್ದವಳು

ಹೋದ ತಿಂಗಳು ಮಾಲೂರಿನ ನೆಂಟರೊಬ್ಬರ ಮನೆಗೆ ಹೋಗಿದ್ದೆ. ಹಜಾರದಲ್ಲಿ ಹೊಸದಾಗಿ ತಂದಿಟ್ಟ ಕರಿಕಲ್ಲಿನ ಗಣಪತಿ. ಮೈಗೆಲ್ಲ ಹರಳೆಣ್ಣೆ ತಿಕ್ಕಿ ಹೊಳಪು ಬರಿಸಿದ್ದರು. ಆ ಎಣ್ಣೆಯ ಕಮಟು ಮೂಗಿಗೆ ಬಡಿದದ್ದೇ ತಡ, ಶಿವಾರಪಟ್ಟಣದ ನಮ್ಮ ಎದುರುಮನೆ ಮಾವ ಕಣ್ಣ ಮುಂದೆ ಬಂದರು. ಕೈಯಲ್ಲಿದ್ದ ಕಾಫಿ ಅಲ್ಲೇ ಆರಿಹೋಯಿತು...

ಮಾವ ವಿಗ್ರಹ ಕೆತ್ತುವವರು. ರಕ್ತಸಂಬಂಧವೇನೂ ಇಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಅವರ ಹೆಂಡತಿ ನಂಗಲಿ ಕಡೆಯವರು, ನನಗೆ ಅತ್ತೆ. ಮನೆಮಾತು ತೆಲುಗು. ಯಾವ ಭಾಷೆಯಲ್ಲೂ ಮಾತು ಕಡಿಮೆಯೇ. ಮಕ್ಕಳಿರಲಿಲ್ಲ. ಒಂದು ಕಾಲದಲ್ಲಿ ಮಾವ ಗುಡಿ ಕಟ್ಟುವ ಕೆಲಸಕ್ಕೆಂದು ವರ್ಷಗಟ್ಟಲೆ ಪರವೂರುಗಳಲ್ಲಿ ಇದ್ದು ಬಂದಿದ್ದರು. ಆಮೇಲೆ ಕೆಲವು ವರ್ಷಕ್ಕೆ ಅತ್ತೆ ಸೊರಗುತ್ತಾ ಹೋದರು. ಎಚ್‌ಐವಿ ಎಂದು ಆಸ್ಪತ್ರೆಯಲ್ಲಿ ತಿಳಿಯುವಷ್ಟರಲ್ಲಿ ಅವರಿಗೆ ಹೊತ್ತು ಮೀರಿತ್ತು. ಮಾವನ ರಕ್ತದಲ್ಲೂ ಅದೇ ಸಿಕ್ಕಿತು. ಎಲ್ಲಿಂದ ತಂದೆ ಎಂದು ಅತ್ತೆ ಕೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಹಾಗೆ ಮಲಗಿದ್ದವರು ಹಾಗೆಯೇ ಹೋದರು.

ಊರಿನಲ್ಲಿ ಇದು ಗೊತ್ತಿದ್ದದ್ದು ನನಗೂ ಅಮ್ಮನಿಗೂ ಮಾತ್ರ. ನಾನು ಆಗ ಕೋಲಾರದಲ್ಲಿ ಕೆಲಸಕ್ಕಿದ್ದೆ. ಅಲ್ಲಿಯ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಕೊಡುತ್ತಿದ್ದರು. "ನಮ್ ಹುಡುಗೀನ ನೋಡ್ಕೊಂಡು ಬರ್ತೀನಿ" ಎಂದು ಊರವರಿಗೆ ಹೇಳಿ ಮಾವ ಬಸ್ಸು ಹತ್ತುತ್ತಿದ್ದರು. ಮಾತ್ರೆ ಡಬ್ಬಿಯ ಮೇಲಿನ ಕಾಗದ ಕೆರೆದು ತೆಗೆದು, ಉಳಿಗಳ ಚೀಲದ ತಳದಲ್ಲಿ ಇಡುತ್ತಿದ್ದರು. ಮಲಗುವ ಮುಂಚೆ ದಿನಕ್ಕೊಂದು. ತಪ್ಪಿಸಿದ್ದೇ ಇಲ್ಲ. "ನಿಮ್ಮಂಥೋರೇ ಇದ್ದಿದ್ರೆ ನಮಗೆ ಕೆಲ್ಸಾನೇ ಇರ್ತಿರ್ಲಿಲ್ಲ" ಎಂದು ಅಲ್ಲಿನ ಆಪ್ತಸಮಾಲೋಚಕಿ ಹೊಗಳುತ್ತಿದ್ದರು. ಮೈ ಮತ್ತೆ ತುಂಬಿಕೊಂಡಿತು. ಎದುರಿನ ಚಪ್ಪರದಲ್ಲಿ ಉಳಿಯ ಸದ್ದು ಮೊದಲಿನಂತೆ ಕೇಳತೊಡಗಿತು.

ಆಮೇಲೆ ಮಾತ್ರೆ ಬದಲಾಯಿತು. ಹಳೆಯದಕ್ಕೆ ತಲೆ ಸುತ್ತುತ್ತದೆ, ನಿಜವೆನ್ನಿಸುವಂಥ ಕನಸು ಬಿದ್ದು ಜನ ಬೆಚ್ಚುತ್ತಾರೆ, ಹೊಸದರಲ್ಲಿ ಆ ಕಾಟ ಕಡಿಮೆ ಎಂದು ಸಮಾಲೋಚಕಿ ವಿವರಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ.

"ನನಗೆ ಹಳೇದೇ ಇರ್ಲಿ ಮೇಡಂ," ಎಂದರು ಮಾವ.

"ಎಲ್ರೂ ಅದು ಬ್ಯಾಡ ಅಂತ ಗೋಳಾಡ್ತಾರೆ, ನೀವೊಬ್ರೇ ಬೇಕು ಅನ್ನೋದು," ಎಂದು ಆಕೆ ನಕ್ಕರು. ಮಾವನೂ ನಕ್ಕಂತೆ ಮಾಡಿ ಹೊಸ ಡಬ್ಬಿ ಚೀಲಕ್ಕೆ ಹಾಕಿಕೊಂಡರು.

ಕೋಲಾರಕ್ಕೆ ಬರುವುದನ್ನು ಅವರು ನಿಲ್ಲಿಸಲಿಲ್ಲ. ಡಬ್ಬಿ ತಪ್ಪದೆ ಒಯ್ಯುತ್ತಿದ್ದರು. ಆದರೆ ಮೈ ಇಳಿಯುತ್ತಾ ಬಂತು. ಕೆಮ್ಮು ಹತ್ತಿತು. ಒಂದು ಭಾನುವಾರ ಊರಿಗೆ ಹೋದವಳು, ಅವರ ಸ್ಥಿತಿ ನೋಡಿ ಹೆದರಿ ಉಳಿಗಳ ಚೀಲ ಸುರಿದೆ. ಮುಚ್ಚಳ ಕೂಡ ತೆರೆಯದ ಡಬ್ಬಿಗಳು ನೆಲದ ಮೇಲೆ ಉರುಳಿದವು.

"ಯಾಕ್ ಮಾವಾ?"

ಮಾವ ಉರುಳಿದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿದರು. ಆಮೇಲೆ, "ಆ ಹಳೇ ಮಾತ್ರೆ ನುಂಗಿದ್ರೆ ಅವ್ಳು ಬರ್ತಿದ್ಲು ಕಣಮ್ಮಾ," ಎಂದರು. "ದಿನಾ ಅಲ್ಲ. ಬಂದ್ರೆ ಮಾತ್ರ ಎದುರಿಗೇ ನಿಂತಂಗೆ. ಬದುಕಿದ್ದಾಗ ಒಂದ್ ಮಾತು ಅನ್ಲಿಲ್ಲ ನಂಗೆ. ಕನಸಲ್ಲಿ ಬಾಯ್ತುಂಬ ಬಯ್ಯೋಳು. ನೀಕು ಸಿಗ್ಗು ಲೇದಾ, ನಾಚ್ಕೆ ಆಗಲ್ವಾ ನಿಂಗೆ ಅಂತ. ಬೈಸ್ಕೊಂಡು ಎದ್ರೆ ಎದೆ ಹಗುರ ಆಗೋದು. ಹೊಸ ಮಾತ್ರೆ ಬಂದ್ಮೇಲೆ ಒಂದ್ಸಲಾನೂ ಬರ್ಲಿಲ್ಲ. ಮತ್ತೆ ಗೋಡೆ ಕಡೆ ತಿರುಗ್ಬಿಟ್ಲು."

"ಮಾತ್ರೆ ಬಿಟ್ರೆ ಬರ್ತಾರಾ?"

"ಬರಲ್ಲ, ಗೊತ್ತು. ನಾನು ತಂದ ಕಾಯ್ಲೆ ಅದು. ಅವ್ಳಿಗೆ ದಕ್ಕದ ಔಷ್ದಿ ನಾನ್ಯಾವ್ ಮುಖ ಇಟ್ಕೊಂಡು ನುಂಗ್ಲಿ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮರುದಿನ ಕೋಲಾರಕ್ಕೆ ಕರೆದೊಯ್ದು ಸೇರಿಸಿದೆವು. ಕ್ಷಯ ಎರಡೂ ಶ್ವಾಸಕೋಶಕ್ಕೆ ಹಬ್ಬಿತ್ತು. ನಾನು ಸಮಾಲೋಚಕಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಆಕೆ ನಗಲಿಲ್ಲ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ನಿಮ್ಮ ಮನೆಯವರ ಹೆಸರೇನು?" ಎಂದು ಕೇಳಿದರು. ಅಷ್ಟು ವರ್ಷ ಮಾತ್ರೆ ಲೆಕ್ಕ ಕೇಳಿದ್ದರು, ತೂಕ ಕೇಳಿದ್ದರು. ಅತ್ತೆಯ ಹೆಸರನ್ನು ಯಾರೂ ಕೇಳಿರಲಿಲ್ಲ. ಮಾವ ಹೆಸರು ಹೇಳಿ, ಮುಖ ಮುಚ್ಚಿಕೊಂಡು ಅತ್ತರು. ಆ ಮಧ್ಯಾಹ್ನವೆಲ್ಲ ಮಾತಾಡಿದರು... ಅವರು ಅಷ್ಟು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಮನಸ್ಸಿನ ಡಾಕ್ಟರನ್ನೂ ಕರೆಸಿದರು. ಮಾತ್ರೆ ಮತ್ತೆ ಶುರುವಾಯಿತು. ನರ್ಸಮ್ಮ ಬರುವ ಮೊದಲೇ ಮಾವ ಅಂಗೈ ಚಾಚಿಕೊಂಡು ಕೂತಿರುತ್ತಿದ್ದರು.

ನಮಗೆ ಆಸೆ ಹುಟ್ಟಿತ್ತು. ಆದರೆ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಾ ನಾನೇ ಕೇಳಿದೆ, "ಅತ್ತೆ ಬಂದಿದ್ರಾ ಮಾವಾ?"

ಇಲ್ಲವೆಂದು ತಲೆಯಾಡಿಸಿದರು. ಚಮಚ ಬಾಯ ಹತ್ತಿರ ಇದ್ದ ಹಾಗೆಯೇ ಕಣ್ಣು ಮುಚ್ಚಿಕೊಂಡರು. ಮತ್ತೆ ಆ ಮಾತು ನಾನು ಎತ್ತಲಿಲ್ಲ...

ಈಗ ಎದುರುಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಕಲ್ಲಿನ ಪುಡಿ ಎದೆಯಲ್ಲಿ ಕೂತು ಮಾವ ಹೋದರು ಎಂದೇ ಊರು ಇವತ್ತಿಗೂ ನಂಬಿದೆ. ಮೊನ್ನೆ ಕೂಡ ಯಾರೋ ಹಾಗೆ ಹೇಳಿ ಮರುಗಿದರು. ಅಮ್ಮ "ಹೂಂ" ಅಂದಳು, ನಾನೂ "ಹೂಂ" ಅಂದೆ. ಯಾರಿಗೂ ತಿಳಿಯಬಾರದು ಎಂಬುದು ಮಾವನದೇ ಮಾತು, ಅದನ್ನು ನಾವು ಮೀರುವುದಿಲ್ಲ. ಆದರೂ ಹಾಗೆ ಹೂಂಗುಟ್ಟಿದಾಗಲೆಲ್ಲ ಮಾವನನ್ನೂ ಅತ್ತೆಯನ್ನೂ ಮತ್ತೊಮ್ಮೆ ಮಣ್ಣು ಮಾಡಿದಂತಾಗುತ್ತದೆ.